ಕದ್ದು ಬಿಟ್ಟ ಅರ್ಧ ಮಾತ್ರೆ

ನಮ್ಮ ಮನೆಗಳಲ್ಲಿ ಔಷಧ ಕಡಿಮೆ ತೆಗೆದುಕೊಳ್ಳುವವರಿಗೆ ಒಂದು ಗೌರವವಿದೆ. ‘ಜ್ವರ ಬಂದರೂ ಮಾತ್ರೆ ಮುಟ್ಟುವ ಆಸಾಮಿಯಲ್ಲ’ ಎಂದರೆ ಅದು ಹೊಗಳಿಕೆ. ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವ ಹಿರಿಯರು ಅದನ್ನು ಗಟ್ಟಿತನವೆಂದೇ ಹೇಳಿಕೊಳ್ಳುತ್ತಾರೆ. ಈ ಲೆಕ್ಕ ಒಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ವಸ್ತುಗಳ, ಚಟದ ಚಿಕಿತ್ಸೆಗೆ ಹೊಕ್ಕಾಗ ಮಾಡುವ ಕೆಡುಕು ಸಣ್ಣದಲ್ಲ. ಅಲ್ಲಿ ಔಷಧವೂ ಚಟ ಹಿಡಿಸಿದ ವಸ್ತುವಿನ ಜಾತಿಯದೇ ಆದ್ದರಿಂದ, ಎಷ್ಟು ಕಡಿಮೆ ಮಾಡಿದರೆ ಅಷ್ಟು ಶುದ್ಧನಾದೆ ಎಂದು ರೋಗಿಗೂ ಅನಿಸುತ್ತದೆ, ಮನೆಯವರಿಗೂ ಅನಿಸುತ್ತದೆ.

ನನ್ನ ಸೋದರತ್ತೆಯ ಮಗ ಬೈಕಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾದಾಗ ಶುರುವಾದ ನೋವಿನ ಮಾತ್ರೆ, ನೋವು ಹೋದ ಮೇಲೂ ಅವನನ್ನು ಬಿಡಲಿಲ್ಲ. ಬಹಳ ಅಲೆದಾಟದ ನಂತರ ಆಸ್ಪತ್ರೆಯಲ್ಲಿ ಬ್ಯುಪ್ರೆನಾರ್ಫಿನ್-ನಲೊಕ್ಸೋನ್ ಬರೆದುಕೊಟ್ಟರು. ಅದನ್ನು ನಾಲಿಗೆಯಡಿ ಇಟ್ಟು ಕರಗಿಸಬೇಕು. ನುಂಗಿದರೆ ಬಹುಪಾಲು ವ್ಯರ್ಥ. ಕರಗುವಷ್ಟು ಹೊತ್ತು ಅವನು ಬಾಯಿ ಮುಚ್ಚಿ ಕುಳಿತಿರುತ್ತಿದ್ದ. ಅತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲ. “ಒಂದು ಚಟ ಬಿಡ್ಸೋಕೆ ಇನ್ನೊಂದು ಹಚ್ಚಿದ್ರು. ಇನ್ನೂ ಎಷ್ಟು ದಿನ ಕಣೋ ಇದು?” ಎಂದು ದಿನಾ ಕೇಳುತ್ತಿದ್ದರು. ಅವನು ಉತ್ತರ ಕೊಡುವ ಬದಲು ಸ್ಟೀಲ್ ತಟ್ಟೆಯ ಮೇಲೆ ಶೇವಿಂಗ್ ಬ್ಲೇಡಿನಿಂದ ಮಾತ್ರೆಯನ್ನು ಎರಡು ಮಾಡತೊಡಗಿದ. ಉಳಿದ ಚೂರುಗಳು ಖಾಲಿ ವಿಭೂತಿ ಡಬ್ಬಿಗೆ ಬೀಳುತ್ತಿದ್ದವು. ಡಬ್ಬಿ ತುಂಬಿದಂತೆ ತಾನು ಗೆಲ್ಲುತ್ತಿದ್ದೇನೆ ಎಂದು ಅವನಿಗೆ ಅನಿಸಿತಂತೆ.

ಮೈ ಬೇರೆಯೇ ಹೇಳುತ್ತಿತ್ತು. ನಡುರಾತ್ರಿ ಕಾಲು ಸೆಳೆತ, ಬೆಳಗಿನ ಜಾವ ಬಿಡದ ಆಕಳಿಕೆ, ಸೋರುವ ಮೂಗು, ರೋಮಾಂಚನ, ಹೊಟ್ಟೆ ನುಲಿತ. ಈ ಔಷಧ ಮಿದುಳಿನ ಒಪಿಯಾಯ್ಡ್ ಗ್ರಾಹಕಗಳನ್ನು ಬಿಗಿಯಾಗಿ ಹಿಡಿದು ಕೂರುತ್ತದೆ, ಆದರೆ ಪೂರ್ತಿ ಕೆರಳಿಸುವುದಿಲ್ಲ. ಪ್ರಮಾಣ ಸಾಕಷ್ಟಿದ್ದರೆ ಚಟದ ಸೆಳೆತ ಅಡಗುತ್ತದೆ, ಬೇರೆ ಒಪಿಯಾಯ್ಡಿಗೆ ಜಾಗ ಸಿಗುವುದು ಕಷ್ಟವಾಗುತ್ತದೆ. ಸಾಲದಿದ್ದರೆ ತೆರವಾದ ಗ್ರಾಹಕಗಳು ಹಳೆಯ ವಸ್ತುವನ್ನೇ ಬೇಡುತ್ತವೆ, ಅದು ಸಿಕ್ಕಿದರೆ ಅಮಲೂ ಏರುತ್ತದೆ. ಆಗ ಮನೆಯವರು ‘ಔಷಧ ಕೆಲಸ ಮಾಡಲಿಲ್ಲ’ ಎನ್ನುತ್ತಾರೆ. ಅರ್ಧ ಮಾಡಿಗೆ ಹೆಂಚು ಹೊದಿಸಿ, ಮನೆ ಸೋರಿತೆಂದು ಹೆಂಚಿಗೆ ಬೈದ ಹಾಗೆ.

ಅವನೂ ಡಾಕ್ಟರ ಮುಂದೆ ಅದನ್ನೇ ಹೇಳಿದ. ಅವರು ಕೇಳಿದ್ದು ಇಷ್ಟೇ: “ರಾತ್ರಿ ಎಷ್ಟೊತ್ತಿಗೆ ಕಾಲು ಸೆಳೆಯೋಕೆ ಶುರುವಾಗುತ್ತೆ? ಬರೆದಷ್ಟೂ ತಗೊಳ್ತಿದ್ದೀರಾ?” ಎರಡನೆಯದಕ್ಕೆ ಅವನು ತಲೆ ತಗ್ಗಿಸಿದ. “ಬೈಯೋಕೆ ಕೇಳ್ತಿಲ್ಲ. ನೀವು ಅರ್ಧ ತಗೊಂಡು ಔಷಧ ಹಿಡೀತಿಲ್ಲ ಅಂದ್ರೆ, ನಾನು ಯಾವ ಲೆಕ್ಕದ ಮೇಲೆ ಬದಲಾಯಿಸ್ಲಿ?”

ಪಕ್ಕದಲ್ಲಿ ಕುಳಿತಿದ್ದ ನನಗೆ ಹೊಳೆದದ್ದು ಆಗ. ಮೊದಲು ಅವನು ಕದ್ದು ತೆಗೆದುಕೊಳ್ಳುತ್ತಿದ್ದ. ಈಗ ಕದ್ದು ಬಿಡುತ್ತಿದ್ದ. ಮೊದಲು ಮನೆಗೆ ಸುಳ್ಳು ಹೇಳುತ್ತಿದ್ದ. ಈಗ ಮನೆಯನ್ನು ಮೆಚ್ಚಿಸಲು ಡಾಕ್ಟರಿಗೆ ಸುಳ್ಳು ಹೇಳುತ್ತಿದ್ದ. ಚಟದ ಮುಖ್ಯ ಅಂಗವಾದ ಬಚ್ಚಿಡುವಿಕೆ ಎಲ್ಲಿತ್ತೋ ಅಲ್ಲೇ ಇತ್ತು. ಅದಕ್ಕೆ ನೀರೆರೆಯುತ್ತಿದ್ದುದು ಅವನ ದೌರ್ಬಲ್ಯವಲ್ಲ, ಅವನ ಮೇಲೆ ನಮಗೆಲ್ಲ ಇದ್ದ ಪ್ರೀತಿಯ ಅವಸರ.

ಈ ಅವಸರ ಮನೆಗಳಿಗೆ ಮಾತ್ರ ಸೀಮಿತವಲ್ಲ. 1965ರಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ಮತ್ತು ಮರೀ ನೈಸ್ವಾಂಡರ್ ಎಂಬ ವೈದ್ಯರು, ಇಂಥದೇ ಚಿಕಿತ್ಸೆಯ ಇನ್ನೊಂದು ಔಷಧವಾದ ಮೆಥಡೋನ್ ಸಾಕಷ್ಟು ಪ್ರಮಾಣದಲ್ಲಿ ಸಿಕ್ಕಿದರೆ ಹೆರಾಯಿನ್ ವ್ಯಸನಿಗಳು ಓದಿಗೆ, ಕೆಲಸಕ್ಕೆ ಮರಳಬಲ್ಲರು ಎಂದು ತೋರಿಸಿದರು. ಆದರೂ ಮುಂದಿನ ದಶಕಗಳಲ್ಲಿ ಅಮೆರಿಕದ ಬಹಳಷ್ಟು ಕೇಂದ್ರಗಳು ದಿನಕ್ಕೆ 60 ಮಿಲಿಗ್ರಾಂಗಿಂತ ಕಡಿಮೆ ಕೊಟ್ಟವು. ಕಡಿಮೆ ಕೊಡುವುದೇ ಶಿಸ್ತು ಎಂಬ ನಂಬಿಕೆ ಅಲ್ಲೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮೆಥಡೋನಿಗೆ 60ರಿಂದ 120 ಮಿಲಿಗ್ರಾಂ, ಬ್ಯುಪ್ರೆನಾರ್ಫಿನ್‌ಗೆ ಕನಿಷ್ಠ 8 ಮಿಲಿಗ್ರಾಂ ಎಂದು ಸಾಮಾನ್ಯ ಮಾರ್ಗಸೂಚಿ ಕೊಟ್ಟಿತು. ಬ್ಯುಪ್ರೆನಾರ್ಫಿನ್‌ನ 16 ಮಿಲಿಗ್ರಾಂ ಎನ್ನುವುದು ದಾಟಬಾರದ ಗೆರೆಯಲ್ಲ ಎಂಬುದು ಲೇಬಲ್ಲಿನಲ್ಲಿ ಸ್ಪಷ್ಟವಾಗಲಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೇಳಿದ್ದು 2024ರಲ್ಲಿ. ಔಷಧ ಹಳೆಯದು, ಅದನ್ನು ಸಾಕಷ್ಟು ಕೊಡುವ ಧೈರ್ಯ ಬರಲು ಇಷ್ಟು ಕಾಲ ಹಿಡಿಯಿತು.

ಹಾಗೆಂದು ಪ್ರಮಾಣ ಇಳಿಸುವುದೇ ತಪ್ಪಲ್ಲ. ಮಲಬದ್ಧತೆ, ಮಂಪರು ಕಾಡಿದಾಗ ಇಳಿಸಬೇಕಾಗಬಹುದು. ಬದುಕು ನೆಲೆಗೆ ಬಂದವರು ಬಿಡಲೂಬಹುದು. ಆದರೆ ಅದು ವೈದ್ಯರಿಗೆ ಗೊತ್ತಿದ್ದು, ತಿಂಗಳುಗಟ್ಟಲೆ ನಿಧಾನವಾಗಿ ನಡೆಯುವ ಕೆಲಸ. ಇನ್ನು ಮಿಗಿಸಿಟ್ಟ ಚೂರು ಮನೆಯ ಮಗುವಿನ ಬಾಯಿಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಆ ವಿಭೂತಿ ಡಬ್ಬಿಯನ್ನು ಅವನೇ ಒಯ್ದು ಆಸ್ಪತ್ರೆಗೆ ಒಪ್ಪಿಸಿದ.

ಅತ್ತೆ ಬದಲಾದದ್ದು ಭಾಷಣದಿಂದಲ್ಲ. ಮಗ ಪೂರ್ತಿ ಮಾತ್ರೆ ತೆಗೆದುಕೊಳ್ಳತೊಡಗಿದ ಮೇಲೆ ರಾತ್ರಿಯಿಡೀ ಮಲಗಿದ, ಹಸಿವೆಂದ, ಅಂಗಡಿಯ ಬಾಗಿಲು ತಾನೇ ತೆಗೆದ. ಮಾತ್ರೆ ಎಣಿಸುತ್ತಿದ್ದವರು ಇವನ್ನು ಎಣಿಸತೊಡಗಿದರು. ಚಿಕಿತ್ಸೆಯಲ್ಲಿರುವವರ ಮನೆಯಲ್ಲಿ ‘ಎಷ್ಟು ಕಡಿಮೆ ಮಾಡಿದೆ?’ ಎಂದು ಕೇಳುವುದನ್ನು ನಿಲ್ಲಿಸಿ ‘ನಿದ್ದೆ ಬಂತಾ?’ ಎಂದು ಕೇಳಬಹುದು. ಮೊದಲ ಪ್ರಶ್ನೆಗೆ ನಾಚಿಕೆಯಿಂದ ಸುಳ್ಳು ಹೇಳಬೇಕಾಗುತ್ತದೆ; ಎರಡನೆಯದಕ್ಕೆ ಹೇಳಬೇಕಿಲ್ಲ.