ಪರ್ವದಿನದ ಪಲ್ಯ

ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿಯನ್ನು ತ್ಯಜಿಸುವ ಶ್ರಾವಕರ ಮನೆಗಳಲ್ಲಿ ಪಲ್ಯದ ಸ್ಥಾನವನ್ನು ಹೆಸರುಬೇಳೆ, ಕಡಲೆಬೇಳೆಗಳು ತುಂಬುತ್ತವೆ. ಇದು ವಿಹಿತವೇ ಸರಿ. ಆದರೆ ಒಂದು ಪಲ್ಯವನ್ನು ಬಿಟ್ಟವನು ಅದಕ್ಕೆ ಬದಲಾಗಿ ಮೂರು ಬಗೆಯ ವ್ಯಂಜನಗಳನ್ನು ಬಯಸಿದರೆ ವ್ರತವು ಉಳಿಯಿತೇ? ನಿಯಮವು ಮುರಿಯಲಿಲ್ಲ, ನಿಜ. ಆದರೆ ಒಲೆ ಹೆಚ್ಚು ಹೊತ್ತು ಉರಿದು, ನೀರು ಹೆಚ್ಚು ವ್ಯಯವಾಗಿ ಆರಂಭಹಿಂಸೆ ಬೆಳೆಯಿತು. ಅಡುಗೆ ಮಾಡುವ ಶ್ರಾವಿಕೆಯ ಸ್ವಾಧ್ಯಾಯದ ವೇಳೆಯೂ ಕಳೆಯಿತು. ತ್ಯಾಗ ಒಬ್ಬನದು, ಅದರ ಭಾರ ಮತ್ತೊಬ್ಬಳದು ಎಂದಾಗಬಾರದು.

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು 6 ಬಾಹ್ಯತಪಗಳಲ್ಲಿ ಅನಶನದೊಡನೆ ರಸಪರಿತ್ಯಾಗವನ್ನೂ ಹೇಳಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನಾದರೂ ಬಿಡುವುದು ನಾಲಿಗೆಯ ನಿಗ್ರಹಕ್ಕಾಗಿ. ಬೇಯಿಸಿದ ಒಂದೇ ಬೇಳೆಯ ಪಲ್ಯವನ್ನು ಸಮಾಧಾನದಿಂದ ಉಣ್ಣುವವನು ತನ್ನ ವ್ರತದೊಡನೆ ಅಡುಗೆಮನೆಯ ಅಹಿಂಸೆಯನ್ನೂ ಕಾಯುತ್ತಾನೆ.