ಹೊಲದ ಒಡೆತನ, ಹೊಲದ ಕಾಯಕ

ತಂದೆಯು ಮಕ್ಕಳಿಗೆ ಹೊಲವನ್ನು ಬಿಟ್ಟುಹೋಗುವುದು ಲೋಕರೂಢಿ. ಆತನು ಬಿಟ್ಟುಹೋಗತಕ್ಕುದು ಹೊಲದ ಒಡೆತನವನ್ನು ಮಾತ್ರವೋ, ಹೊಲದ ಕಾಯಕವನ್ನೂ ಎಂಬುದು ಗೃಹಸ್ಥರು ವಿಚಾರಿಸಬೇಕಾದ ಪ್ರಶ್ನೆ.

ಒಡೆತನವು ಪತ್ರದಿಂದ ಬರುತ್ತದೆ. ಕಾಯಕವು ಜೊತೆಯಲ್ಲಿ ದುಡಿದಲ್ಲದೆ ಬಾರದು. ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ಹದ ಯಾವುದು, ಮಳೆನೀರು ಒಡ್ಡನ್ನು ಎಲ್ಲಿ ಒಡೆಯುತ್ತದೆ, ಯಾವ ತೆನೆಯನ್ನು ಬೀಜಕ್ಕೆ ತೆಗೆದಿರಿಸಬೇಕು, ಇವು ಯಾವ ಉತಾರದಲ್ಲಿಯೂ ಬರೆದಿಲ್ಲ. ಹಿರಿಯನು ಕಡೆಯುಸಿರಿನವರೆಗೂ ತಾನೇ ಯಜಮಾನನಾಗಿದ್ದು, ನಲವತ್ತು ವರುಷದ ಮಗನನ್ನು ಆಳಿನಂತೆ ನಡೆಸಿದರೆ, ಆ ಮಗನಿಗೆ ದಕ್ಕುವುದು ಮಣ್ಣು ಮಾತ್ರ.

“ಕೊಟ್ಟ ಬಳಿಕ ಮಕ್ಕಳು ನಮ್ಮನ್ನು ನೋಡದಿದ್ದರೆ?” ಎಂಬ ಶಂಕೆ ಸಹಜವೇ. ಪೋಷಣೆಯ ಕರಾರಿನೊಡನೆ ಕೊಟ್ಟ ಆಸ್ತಿಯನ್ನು, ಕರಾರು ಮುರಿದರೆ ಮರಳಿ ಪಡೆಯಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅವಕಾಶವುಂಟು. ಅಲ್ಲದೆ, ಪತ್ರಕ್ಕೆ ಮೊದಲೇ ಬಿತ್ತನೆಯ ತೀರ್ಮಾನವನ್ನೂ ಲೆಕ್ಕವನ್ನೂ ಒಪ್ಪಿಸಲು ಅಡ್ಡಿಯೇನು?

ಇನ್ನು ಪಾಲಿನ ಮಾತು. ದೇಶದ ಹಿಡುವಳಿಯ ಸರಾಸರಿ ವಿಸ್ತೀರ್ಣವು 1970-71ರಲ್ಲಿ 2.28 ಹೆಕ್ಟೇರು ಇದ್ದುದು 2015-16ರ ಗಣತಿಯಲ್ಲಿ 1.08ಕ್ಕೆ ಇಳಿದಿತ್ತು. ಇದನ್ನೇ ನೆವಮಾಡಿ ಹೆಣ್ಣುಮಕ್ಕಳ ಪಾಲನ್ನು ಅಡಗಿಸುವುದು ಅಧರ್ಮ; 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕನ್ನಿತ್ತಿದೆ. ಪಾಲು ಎಲ್ಲರದಾಗಿರಲಿ, ಉಳುಮೆ ಒಂದಾಗಿರಲಿ, ಬೆಳೆ ಪಾಲಿನಂತೆ ಹಂಚಿಕೆಯಾಗಲಿ.

ಹೊಲವು ಹಿರಿಯರಿಂದ ಬಂದುದು, ಕಿರಿಯರಿಗೆ ಸಲ್ಲತಕ್ಕುದು. ನಡುವಣ ನಾವು ದುಡಿಯತಕ್ಕವರು. ಈ ವರುಷದ ಬಿತ್ತನೆಯ ನಿರ್ಣಯವನ್ನು ಮಕ್ಕಳ ಬಾಯಿಂದ ಕೇಳುವ ಧೈರ್ಯವುಳ್ಳವನೇ ನಿಜವಾದ ಯಜಮಾನನು.