ಹಳೆಯ ಗಾಡಿ, ಹೊಸ ತಂಪು

ಒಂದು ವಸ್ತುವಿನ ಅಂಗಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರೆ ಅದು ಎಲ್ಲಿಯವರೆಗೆ ಅದೇ ವಸ್ತುವಾಗಿ ಉಳಿಯುತ್ತದೆ? ಈ ಪ್ರಶ್ನೆ ಬಹಳ ಹಳೆಯದು. ಮಿಲಿಂದ ದೊರೆಯೊಡನೆ ಸಂವಾದಕ್ಕೆ ಕುಳಿತ ನಾಗಸೇನ ಭಿಕ್ಷುವು ರಥದ ಅಚ್ಚು, ಗಾಲಿ, ನೊಗಗಳನ್ನು ಬೇರೆ ಬೇರೆಯಾಗಿ ಹೆಸರಿಸಿ, ಇವುಗಳಲ್ಲಿ ರಥವೆಂಬುದು ಯಾವುದು ಎಂದು ಕೇಳಿದನು. ಇಂದು ಅದೇ ಪ್ರಶ್ನೆ ಮೋಟಾರುಗಾಡಿಯ ಕೊಟ್ಟಿಗೆಗೆ ಬಂದು ನಿಂತಿದೆ. ಹಳೆಯ ಕಾರಿನ ಮೂಲ ಎಂಜಿನು ಸವೆದುಹೋಗಿ, ಒಡೆಯನು ಬೇರೊಂದು ಜಾತಿಯ ಎಂಜಿನನ್ನು ಕೂಡಿಸಿದ್ದಾನೆ. ಈಗ ಅದಕ್ಕೆ ಹವಾನಿಯಂತ್ರಣವೂ ಬೇಕೆನ್ನುತ್ತಾನೆ. ಇದು ಯುಕ್ತವೆ? ಅಥವಾ ಹಳೆಯ ವಸ್ತುವಿಗೆ ಎಸಗಿದ ದ್ರೋಹವೆ?

ನಮ್ಮ ದೇಶದ ಅಂಬಾಸಡರ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಹುಟ್ಟಿದ ಈ ಕಾರು ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾಯಿತು. ೧೪೮೯ ಸಿ.ಸಿ.ಯ ಹಳೆಯ ಎಂಜಿನಿಗೆ ಬದಲಾಗಿ ೧೯೯೦ರ ದಶಕದಲ್ಲಿ ತಯಾರಕರೇ ಜಪಾನಿನ ಇಸುಜು ವಿನ್ಯಾಸದ ೧.೮ ಲೀಟರಿನ ಎಂಜಿನನ್ನು ಕೂಡಿಸಿದರು. ಜನರು ಅದನ್ನು ಅಂಬಾಸಡರ್ ಎಂದೇ ಕರೆದರು. ಹಾಗಾದರೆ ತಯಾರಕನು ಮಾಡಿದಾಗ ಉಳಿದ ಹೆಸರು ಒಡೆಯನು ಮಾಡಿದಾಗ ಅಳಿಯುವುದೇಕೆ?

ಪೂರ್ವಪಕ್ಷಕ್ಕೆ ಬಲವಿಲ್ಲದಿಲ್ಲ. ಬಟ್ಟೆಯಿಂದ ಒಂದು ನೂಲನ್ನು ತೆಗೆದರೂ ಹಳೆಯ ಬಟ್ಟೆ ನಾಶವಾಗಿ ಖಂಡಪಟವೆಂಬ ಬೇರೊಂದು ಹುಟ್ಟುತ್ತದೆಂಬುದು ನೈಯಾಯಿಕರ ಮತ. ರಾಜಶಾಸನದ ನಿಲುವೂ ಇದಕ್ಕೆ ದೂರವಲ್ಲ. ೨೦೨೧ರಲ್ಲಿ ಭಾರತ ಸರ್ಕಾರವು ಹೊರಡಿಸಿದ ನಿಯಮದಂತೆ, ಐವತ್ತು ವರ್ಷ ಮೀರಿ, ಮೂಲರೂಪದಲ್ಲಿಯೇ ಇದ್ದು, ಚಾಸಿಸ್ಸು, ಹೊರಮೈ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಟಾಗದ ಗಾಡಿಗೆ ಮಾತ್ರ ‘ವಿಂಟೇಜ್’ ಎಂಬ ಮನ್ನಣೆ. ಎಂಜಿನು ಬದಲಾದ ಗಾಡಿ ಆ ಪಂಕ್ತಿಗೆ ಸಲ್ಲದು.

ಆದರೆ ಅದೇ ನಿಯಮವು ಹಾಗೆ ಮನ್ನಣೆ ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸಗೊಡುವುದಿಲ್ಲ ಎಂಬುದು ಗಮನಾರ್ಹ. ಮೂಲರೂಪವೇ ಪರಮವಾದರೆ ಗಾಡಿಯು ನೋಟಕ್ಕುಳಿದು ಓಟವನ್ನು ಬಿಡುತ್ತದೆ. ಗಾಡಿ ಹುಟ್ಟಿದ್ದು ಮನುಷ್ಯರನ್ನು ಹೊರುವುದಕ್ಕೆ. ಬೇಸಗೆಯಲ್ಲಿ ಮನೆಯ ವೃದ್ಧರು ಆ ತಗಡಿನ ಮಾಡಿನ ಕೆಳಗೆ ಕುಳಿತುಕೊಳ್ಳಲಾರರೆಂದಾದರೆ ಕಾರು ಮೂಲೆ ಸೇರುತ್ತದೆ. ಮೂಲೆ ಸೇರಿದ ಯಂತ್ರಕ್ಕೆ ತುಕ್ಕೇ ಗತಿ. ಆದುದರಿಂದ ಬಳಕೆಗಾಗಿ ಮಾಡಿದ ಬದಲಾವಣೆಯೆಲ್ಲವೂ ಕೆಡುಕೆನ್ನಲಾಗದು. ಕಾರಿನಲ್ಲಿ ತಂಪು ಬಯಸುವುದೂ ಹೊಸ ಚಾಪಲ್ಯವಲ್ಲ. ಅಮೆರಿಕದ ಪ್ಯಾಕಾರ್ಡ್ ಸಂಸ್ಥೆಯು ೧೯೪೦ರ ಮಾದರಿಯಲ್ಲಿಯೇ ಅದನ್ನು ಅಳವಡಿಸಿತ್ತು. ತಂಪು ಸಾಕೆನಿಸಿದರೆ ಎಂಜಿನನ್ನು ನಿಲ್ಲಿಸಿ ಕಂಪ್ರೆಸರಿನ ಬೆಲ್ಟನ್ನು ಕಳಚಬೇಕಾಗಿತ್ತು.

ಹಾಗೆಂದು ಎಲ್ಲ ಬದಲಾವಣೆಯೂ ಸಮಾನವಲ್ಲ. ಕೆಲಸದ ಸ್ವರೂಪವನ್ನು ನೋಡಿದರೆ ಭೇದವು ತಾನೇ ತೋರುತ್ತದೆ. ಹೊಸ ಎಂಜಿನಿನಲ್ಲಿ ಕಂಪ್ರೆಸರನ್ನು ಕೂಡಿಸುವ ಸ್ಥಾನವು ಅನೇಕವೇಳೆ ಸಿದ್ಧವಾಗಿಯೇ ಇರುತ್ತದೆ. ಆದುದರಿಂದಲೇ ಎಂಜಿನು ಬದಲಿಸಿದ ಮೇಲೆ ಈ ಆಸೆ ಹುಟ್ಟುವುದು. ಅಲ್ಲಿ ಬೋಲ್ಟು ಬಿಗಿದದ್ದನ್ನು ನಾಳೆ ಬಿಚ್ಚಬಹುದು. ಕಂಡೆನ್ಸರನ್ನು ರೇಡಿಯೇಟರಿನ ಮುಂದೆ ನಿಲ್ಲಿಸಿದರೆ ಅದರ ಬಿಸಿಗಾಳಿಯೇ ರೇಡಿಯೇಟರಿಗೆ ತಗಲುತ್ತದೆ. ಆಗ ಬಲವಾದ ಫ್ಯಾನು ಬೇಕು, ಅದಕ್ಕೆ ವಿದ್ಯುತ್ತು ಬೇಕು, ಹಳೆಯ ಡೈನಮೊ ಸಾಲದೆ ಆಲ್ಟರ್ನೇಟರು ಬೇಕು. ಒಂದು ಬಯಕೆ ಹತ್ತನ್ನು ಕರೆತರುತ್ತದೆ. ಇಷ್ಟಾದರೂ ಇವೆಲ್ಲ ತೆಗೆಯಬಹುದಾದವು. ಕೊನೆಗೆ ಕೊಳವೆಯನ್ನು ಒಳಗೆ ತರಲು ಎಂಜಿನಿಗೂ ಕುಳಿತವರಿಗೂ ನಡುವಣ ತಗಡನ್ನು ಕೊರೆಯಬೇಕೆ, ತಂಪುಗಾಳಿಗೆ ಬಾಯಿ ಮಾಡಲು ಮೂಲದ ಡ್ಯಾಶ್‌ಬೋರ್ಡನ್ನು ಕತ್ತರಿಸಬೇಕೆ ಎಂಬ ಪ್ರಶ್ನೆ ಬರುತ್ತದೆ. ಧರ್ಮದ ಗಡಿ ಇರುವುದು ಇಲ್ಲಿ. ಕೂಡಿಸಿದ್ದನ್ನು ಮುಂದಿನವನು ಬಿಚ್ಚಬಲ್ಲನು. ಕತ್ತರಿಸಿದ್ದನ್ನು ಬೆಸೆಯಬಹುದಲ್ಲದೆ ಕತ್ತರಿಸದಂತೆ ಮಾಡಲಾರನು. ಇಂದಿನ ಒಡೆಯನು ಮುಂದಿನವನ ಆಯ್ಕೆಯನ್ನು ಸುಟ್ಟುಹಾಕಬಾರದು. ಹಳೆಯ ವಾಹನಗಳಿಗಾಗಿ ರಚಿತವಾದ ಟ್ಯೂರಿನ್ ಸನ್ನದೂ ಮಾರ್ಪಾಟುಗಳು ಹಿಂದಿರುಗಿಸಬಹುದಾದಂತಿರಲಿ, ತೆಗೆದ ಮುಖ್ಯ ಭಾಗಗಳನ್ನು ಗಾಡಿಯೊಡನೆ ಕಾಪಾಡಲಿ ಎಂದೇ ಹೇಳುತ್ತದೆ.

ತಂಪಿನ ಋಣವು ಗಾಡಿಯೊಳಗೇ ತೀರುವುದಿಲ್ಲ ಎಂಬುದನ್ನೂ ಮರೆಯಬಾರದು. ಈ ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊರಗಿನವರ ಮೇಲೆ ಚೆಲ್ಲುತ್ತದೆ. ಹಿಂದೆ ಬಳಸುತ್ತಿದ್ದ ಆರ್-೧೨ ಅನಿಲವು ಓಜೋನ್ ಪದರವನ್ನು ಕೆಡಿಸುತ್ತಿದ್ದುದರಿಂದ ೧೯೮೭ರ ಮಾಂಟ್ರಿಯಲ್ ಒಪ್ಪಂದವು ಅದಕ್ಕೆ ಕಡಿವಾಣ ಹಾಕಿತು. ಅದರ ಸ್ಥಾನಕ್ಕೆ ಬಂದ ಆರ್-೧೩೪ಎ ಓಜೋನಿಗೆ ನಿರುಪದ್ರವಿಯಾದರೂ, ಸಮತೂಕದ ಇಂಗಾಲಾಮ್ಲಕ್ಕಿಂತ ಸಾವಿರಕ್ಕೂ ಮಿಕ್ಕಿ ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಕೀಲುಗಳನ್ನು ಸೋರದಂತೆ ಬಿಗಿಯುವುದು ಆದುದರಿಂದ ಬರಿಯ ಕುಶಲತೆಯಲ್ಲ, ಕರ್ತವ್ಯ. ಮೊದಲು ಮಾಡಿಗೂ ನೆಲಕ್ಕೂ ಶಾಖ ತಡೆಯುವ ಹೊದಿಕೆಯನ್ನು ಹಾಸಿದರೆ ಯಂತ್ರದ ಹೊರೆಯೇ ಕಡಿಮೆಯಾದೀತು.

ಇನ್ನು ಮೊದಲಿನ ಪ್ರಶ್ನೆ: ಅದು ಅದೇ ಗಾಡಿಯೆ? ಪುರಿಯ ಜಗನ್ನಾಥನಿಗೆ ನವಕಲೇವರವಾದಾಗ, ೨೦೧೫ರಲ್ಲಿ ನಡೆದಂತೆ, ದಾರುವಿಗ್ರಹವೆಲ್ಲ ಹೊಸದಾದರೂ ಬ್ರಹ್ಮಪದಾರ್ಥವು ಹಳೆಯದರಿಂದ ಹೊಸದಕ್ಕೆ ಸಾಗುತ್ತದೆಂದು ಭಕ್ತರ ನಂಬಿಕೆ, ದೇವನು ಅವನೇ. ಕಾರಿನಲ್ಲಿ ಅಂಥ ಪದಾರ್ಥವಿಲ್ಲ. ಅದರ ಏಕತೆಯನ್ನು ಕಾಯುವುದು ಮನುಷ್ಯನ ಮಾತೊಂದೇ. ಯಾವ ಎಂಜಿನು ಹೋಯಿತು, ಯಾವುದು ಬಂತು, ಎಲ್ಲಿ ಕೊರೆಯಲಾಯಿತು ಎಂಬುದನ್ನು ಬರೆದಿಟ್ಟು, ಅಧಿಕಾರಿಯ ಅನುಮತಿ ಪಡೆದು ನೋಂದಣಿಪತ್ರದಲ್ಲಿ ಕಾಣಿಸಿ, ಕೊಳ್ಳುವವನಿಗೆ ಮುಚ್ಚುಮರೆಯಿಲ್ಲದೆ ಹೇಳಿದರೆ, ಆ ಗಾಡಿಯ ಕಥೆ ತುಂಡಾಗದೆ ಮುಂದುವರಿಯುತ್ತದೆ. ಬದಲಿಸಿದ ಎಂಜಿನನ್ನು ಮೂಲದ್ದೆಂದು ಸಾರಿ ಹೆಚ್ಚು ಬೆಲೆಗೆ ಮಾರಿದವನು ಒಂದು ಮೊಳೆಯನ್ನು ಕದಲಿಸದಿದ್ದರೂ ಅದನ್ನು ಕೆಡಿಸಿದವನೇ ಸರಿ. ಲೋಹವು ಹೇಗೂ ಸವೆಯುತ್ತದೆ. ಅದನ್ನು ಕುರಿತ ಮಾತು ಸವೆಯದಂತೆ ನೋಡಿಕೊಂಡವನು ಹಳೆಯ ಗಾಡಿಯಲ್ಲಿ ತಂಪಾಗಿ ಕುಳಿತು ಹೋಗುವುದಕ್ಕೆ ಯಾವ ಧರ್ಮಶಾಸ್ತ್ರವೂ ಅಡ್ಡಬಾರದು.